ಕೊಂಡಿಯ ಮೇಲಿನ ಭಾರ

ಡೆನ್ವರ್‌ನಲ್ಲಿ ಬೇಸಿಗೆ ಬಂತೆಂದರೆ ಗೆಳೆಯರು ಕೇಳುವ ಮೊದಲ ಪ್ರಶ್ನೆ: "ನಮ್ಮ ಪೈಲಟ್ ಕಾರು ಎಷ್ಟು ಭಾರದ ಟ್ರೇಲರ್ ಎಳೆಯುತ್ತದೆ?" ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಹೋಂಡಾ ಪೈಲಟ್‌ಗೆ ಕಂಪನಿ ಕೊಟ್ಟಿರುವ ಮಿತಿ 5,000 ಪೌಂಡ್, ಅಂದರೆ ಸುಮಾರು 2,270 ಕಿಲೊ. ಆದರೆ ನಾನು ಮೊದಲು ಓದಿಸುವುದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯನ್ನು. ಜನ, ಸಾಮಾನು, ಜೊತೆಗೆ ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ ಅದು ಹೇರುವ ಭಾರ, ಇಷ್ಟೂ ಅಲ್ಲಿರುವ ಅಂಕಿಯೊಳಗೇ ಇರಬೇಕು. ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬಂದು ಸೀಟುಗಳೆಲ್ಲ ತುಂಬಿದ್ದರೆ ದೊಡ್ಡ ಟ್ರೇಲರ್ ಬೇಡವೇ ಬೇಡ.

ಕೊಂಡಿಯ ಮೇಲಿನ ಭಾರ ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟಿರಲಿ. ನೀರಿನ ಕ್ಯಾನು, ಜನರೇಟರುಗಳನ್ನು ಹಿಂಬದಿಗೆ ತುಂಬಿದರೆ ಕೊಂಡಿ ಹಗುರಾಗಿ, ವೇಗ ಏರಿದಂತೆ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಆಗ ಕಾರಿನ ಬ್ರೇಕನ್ನು ಜೋರಾಗಿ ಒತ್ತಬೇಡಿ, ವೇಗವನ್ನೂ ಹೆಚ್ಚಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರವಾಗಿ ಹಿಡಿದು, ಟ್ರೇಲರ್‌ನ ಬ್ರೇಕನ್ನಷ್ಟೇ ಕಾರಿನೊಳಗಿನ ಅದರ ನಿಯಂತ್ರಕದಿಂದ ಕೈಯಲ್ಲೇ ಮೆಲ್ಲಗೆ ಒತ್ತಿ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಬೆಟ್ಟ ದಾಟುವ ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಏರುವಾಗ ಎಲ್ಲರೂ ಎಂಜಿನ್ನಿನ ಚಿಂತೆ ಮಾಡುತ್ತಾರೆ; ನನಗೆ ಭಯ ಅದರಾಚೆ ಸಿಲ್ವರ್‌ಥಾರ್ನ್ ಊರಿನ ಕಡೆಗಿನ ಇಳಿಜಾರಿನದು. ಸುರಂಗ ದಾಟಿದ ಕೂಡಲೇ ಕೆಳಗಿನ ಗೇರಿಗೆ ಬರುತ್ತೇನೆ. ಬ್ರೇಕನ್ನು ಒತ್ತಿಯೇ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ; ಆಗಾಗ ಒತ್ತಿ ಬಿಡಬೇಕು.

ಟ್ರೇಲರ್‌ನ ಸುರಕ್ಷತಾ ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಸಿಕ್ಕಿಸಿ. ಕೊಂಡಿ ಕಳಚಿದರೂ ಟ್ರೇಲರ್‌ನ ಮೂತಿ ರಸ್ತೆಗೆ ಬಡಿಯದೆ ಅವುಗಳ ಮೇಲೆ ಕೂರುತ್ತದೆ.