ಟೈಪ್‌ರೈಟರ್‌ಗೂ ಪೊಲೀಸ್ ಅನುಮತಿ ಬೇಕಿದ್ದ ಊರು

ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ಗೆ ಬರುವ ನಮ್ಮವರೆಲ್ಲ ಮೊದಲು ಕೇಳುವುದು ಪಾರ್ಲಿಮೆಂಟ್ ಅರಮನೆಯನ್ನು. ಅದರ ಎದುರು ನಮ್ಮ ವಿಧಾನಸೌಧ ಚಿಕ್ಕದೇ. 1984ರಲ್ಲಿ ಆಗಿನ ಕಮ್ಯುನಿಸ್ಟ್ ಸರ್ವಾಧಿಕಾರಿ ನಿಕೊಲಾಯ್ ಚೌಶೆಸ್ಕು ಅದನ್ನು ಕಟ್ಟಲು ಶುರು ಮಾಡಿಸಿದ. ಜಾಗಕ್ಕಾಗಿ ಹಳೇ ಬಡಾವಣೆಯನ್ನೇ ಕೆಡವಿಸಿದ. ಕೆಲವು ಚರ್ಚುಗಳನ್ನು ಬುಡಸಮೇತ ಎತ್ತಿ, ಹಳಿ ಮೇಲೆ ಸರಿಸಿದರು. ಅವು ಈಗಲೂ ಅಪಾರ್ಟ್‌ಮೆಂಟ್‌ಗಳ ಬೆನ್ನಿಗೆ ಅಡಗಿ ನಿಂತಿವೆ.

ನನಗೇನೋ ಅರಮನೆಗಿಂತ ಪಕ್ಕದ ಮನೆ ಅಜ್ಜಿಯ ಮಾತೇ ಜಾಸ್ತಿ ತಿಳಿಸಿತು. 80ರ ದಶಕದಲ್ಲಿ ವಿದೇಶಿ ಸಾಲ ತೀರಿಸುವ ಹಟಕ್ಕೆ ಬಿದ್ದ ಸರ್ಕಾರ ಒಳ್ಳೇ ಮಾಂಸವನ್ನೆಲ್ಲ ಹೊರದೇಶಕ್ಕೆ ಮಾರುತ್ತಿತ್ತು. ಊರಿನವರಿಗೆ ಸಿಗುತ್ತಿದ್ದದ್ದು ಕೋಳಿಯ ಕಾಲು, ಕತ್ತು. ಕ್ಯೂ ಕಂಡರೆ ಮೊದಲು ನಿಲ್ಲು, ಏನು ಕೊಡ್ತಾರೆ ಅಂತ ಆಮೇಲೆ ಕೇಳು! ಹಗಲು ಗ್ಯಾಸ್ ಉರಿ ಮಿಣುಕುತ್ತಿದ್ದರಿಂದ ಅಜ್ಜಿ ಮಧ್ಯರಾತ್ರಿ ಎದ್ದು ಸೂಪ್ ಇಡುತ್ತಿದ್ದರಂತೆ. ಚಳಿಗಾಲದಲ್ಲಿ ಮನೆಯೊಳಗೂ ಕೋಟು. ಟಿವಿ ದಿನಕ್ಕೆ ಸುಮಾರು ಎರಡು ಗಂಟೆ, ಅದರಲ್ಲೂ ಚೌಶೆಸ್ಕುವಿನದೇ ಮುಖ. ಜನ ಆಂಟೆನಾ ತಿರುಗಿಸಿ ಬಲ್ಗೇರಿಯಾದ ಚಾನೆಲ್ ನೋಡುತ್ತಿದ್ದರು. ಅದೂ ಕಮ್ಯುನಿಸ್ಟ್ ದೇಶವೇ, ಆದರೂ ಅಲ್ಲಿ ಸಿನಿಮಾ ಇರುತ್ತಿತ್ತಲ್ವಾ!

1983ರ ಕಾನೂನು ಇನ್ನೂ ವಿಚಿತ್ರ. ಮನೆಯಲ್ಲಿ ಟೈಪ್‌ರೈಟರ್ ಇಟ್ಟುಕೊಳ್ಳಲು ಪೊಲೀಸರ ಅನುಮತಿ ಬೇಕು. ಪ್ರತಿ ವರ್ಷ ಅದರ ಅಕ್ಷರಗಳ ಮಾದರಿಯನ್ನೂ ಕೊಡಬೇಕು. ಕರಪತ್ರವೊಂದು ಸಿಕ್ಕರೆ ಯಾವ ಮೆಷಿನ್‌ದು ಅಂತ ಹಿಡಿಯಬೇಕಲ್ಲ! ಫೋನಿನ ಮೇಲೆ ದಿಂಬು ಹಾಕಿ ಮಾತಾಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿತ್ತು. ಗುಪ್ತ ಪೊಲೀಸ್ 'ಸೆಕ್ಯೂರಿಟಾಟೆ' ಕೇಳಿಸಿಕೊಳ್ಳುತ್ತದೆ ಎಂಬ ಭಯ.

1989ರ ಡಿಸೆಂಬರ್ 21ರಂದು ಪಕ್ಷದ ಕಚೇರಿ ಬಾಲ್ಕನಿಯಿಂದ ಚೌಶೆಸ್ಕುವಿನ ಭಾಷಣ ನಡೆದಿತ್ತು, ಟಿವಿಯಲ್ಲಿ ನೇರಪ್ರಸಾರ. ಕರೆತಂದ ಜನ ಚಪ್ಪಾಳೆ ತಟ್ಟುವ ಬದಲು ಕೂಗಾಡತೊಡಗಿದರು. ಅವನು ಗಾಬರಿಯಿಂದ ಮೈಕಿಗೆ 'ಹಲೋ, ಹಲೋ' ಅನ್ನುವುದು ವಿಡಿಯೋದಲ್ಲಿ ಈಗಲೂ ಸಿಗುತ್ತದೆ. ಮರುದಿನ ಹೆಲಿಕಾಪ್ಟರ್ ಹತ್ತಿ ಓಡಿದ. ಕ್ರಿಸ್‌ಮಸ್ ದಿನ ಅವನಿಗೂ ಹೆಂಡತಿ ಎಲೆನಾಗೂ ಅವಸರದ ವಿಚಾರಣೆ, ಗುಂಡು. ಆ ವಿಚಾರಣೆಯನ್ನು ನ್ಯಾಯ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ಸೆಕ್ಯೂರಿಟಾಟೆ ತಮ್ಮ ಬಗ್ಗೆ ಇಟ್ಟಿದ್ದ ಕಡತವನ್ನು ಜನ ಕೇಳಿ ಓದಬಹುದು. ಅಜ್ಜಿ ಇನ್ನೂ ಅರ್ಜಿ ಹಾಕಿಲ್ಲ. 'ಯಾರು ದೂರು ಬರೆದಿದ್ದಾರೋ ಏನೋ, ಇದೇ ಮಹಡಿಯವರೇ ಆಗಿದ್ದರೆ ದಿನಾ ಲಿಫ್ಟಲ್ಲಿ ಹೇಗೆ ಮುಖ ನೋಡಲಿ?' ಅನ್ನುತ್ತಾರೆ.