ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಮಾಡುತ್ತಾ ಕಲಿತದ್ದು: ಯಾವುದು ಆಟಗಾರನದು, ಯಾವುದು ತಂಡದ್ದು?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಿನ, ಪಂದ್ಯಗಳನ್ನು ನೋಡುವುದು ನನ್ನ ಕೆಲಸ. ಸುಮ್ನೆ ನೋಡುವುದಲ್ಲ. ಒಂದೊಂದು ಪ್ಲೇಯನ್ನೂ (ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ತುಣುಕು) ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ, ಅಲ್ಲಿ ಏನಾಯಿತು ಅಂತ ದಾಖಲು ಮಾಡಬೇಕು. ಇದಕ್ಕೆ ಚಾರ್ಟಿಂಗ್ ಅನ್ನುತ್ತೇವೆ. ಭಾನುವಾರ ಅಲ್ಲಿ ಮಧ್ಯಾಹ್ನ ಒಂದಕ್ಕೆ ಶುರುವಾಗುವ ಪಂದ್ಯ ನಮಗೆ ರಾತ್ರಿ 10.30ಕ್ಕೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ 11.30ಕ್ಕೆ. ಕೊನೆಯ ಪಂದ್ಯ ಬರುವ ಹೊತ್ತಿಗೆ ಇಲ್ಲಿ ಸೋಮವಾರದ ಬೆಳಕು ಹರಿದಿರುತ್ತದೆ.

ಚಾರ್ಟಿಂಗ್ ಮುಗಿದ ಮೇಲೆ ಗ್ರಾಹಕರು ಕೇಳುವುದು ಒಂದೇ: ಕ್ವಾರ್ಟರ್‌ಬ್ಯಾಕ್‌ಗಳ ರ‍್ಯಾಂಕಿಂಗ್. ಒಂದರಿಂದ ಮೂವತ್ತೆರಡರವರೆಗೆ. ಲೀಗಿನಲ್ಲಿ 32 ತಂಡ, ಹಾಗಾಗಿ 32 ಹೆಸರು. ಈ ಪಟ್ಟಿಯ ಬಗ್ಗೆ ನನಗಿರುವ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸಬರು ನಮ್ಮ ತಂಡಕ್ಕೆ ಸೇರಿದಾಗ ನಾನು ಮೊದಲು ಹೇಳಿಕೊಡುವುದೂ ಇದನ್ನೇ.

ಈ ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಸಿಗುತ್ತದೆ. ಒಂದೊಂದು ಅವಕಾಶವನ್ನೂ ಡೌನ್ ಅನ್ನುತ್ತಾರೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಎಸೆಯಬೇಕಾ, ಬೇರೆಯವರಿಗೆ ಕೊಡಬೇಕಾ, ತಾನೇ ಓಡಬೇಕಾ ಅನ್ನುವುದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನವಾಗಬೇಕು. ಆದರೆ ಎದುರಾಳಿಗಳನ್ನು ತಡೆದು ನಿಲ್ಲಿಸುವವರು ಬೇರೆ ಐವರು, ಅವರ ಸಾಲಿಗೆ ಲೈನ್ ಅನ್ನುತ್ತಾರೆ. ಚೆಂಡು ಹಿಡಿಯುವ ರಿಸೀವರ್‌ಗಳು ಬೇರೆ. ಯಾವ ಪ್ಲೇ ಆಡಬೇಕು ಅಂತ ಹೇಳುವ ಕೋಚ್ ಬೇರೆ. ಇಷ್ಟೂ ಜನರ ಕೆಲಸ ಕೊನೆಗೆ ಒಬ್ಬರ ಹೆಸರಿನ ಮುಂದೆ ಒಂದು ಅಂಕಿಯಾಗಿ ಕೂರುತ್ತದೆ. ರ‍್ಯಾಂಕಿಂಗಿನ ಕಷ್ಟವೆಲ್ಲ ಇರುವುದು ಇಲ್ಲೇ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ವಾರವೇ ಕೇಳಿದಳು: "ಸರ್, ಪಾಸರ್ ರೇಟಿಂಗ್ ಅಂತ ಲೀಗಿನವರೇ ಒಂದು ಲೆಕ್ಕ ಇಟ್ಟಿದ್ದಾರಲ್ಲ, ಅದನ್ನೇ ಮೇಲಿಂದ ಕೆಳಗೆ ಜೋಡಿಸಿದರೆ ಆಯ್ತಲ್ವಾ?"

ಒಳ್ಳೆಯ ಪ್ರಶ್ನೆ. ಆ ಲೆಕ್ಕವನ್ನು ಬಿಚ್ಚಿ ನೋಡಿದರೆ ಉತ್ತರ ಸಿಗುತ್ತದೆ. ಪಾಸರ್ ರೇಟಿಂಗ್ ಬಳಕೆಗೆ ಬಂದದ್ದು 1973ರಲ್ಲಿ. ಅದರಲ್ಲಿ ನಾಲ್ಕು ಭಾಗ: ಎಸೆದದ್ದರಲ್ಲಿ ಎಷ್ಟು ಪಾಸ್ ಕೈಸೇರಿತು, ಒಂದು ಎಸೆತಕ್ಕೆ ಎಷ್ಟು ಗಜ, ಎಷ್ಟು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಗಳಿಸುವ ಆರು ಅಂಕ), ಎಷ್ಟು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಪ್ರತಿ ಭಾಗಕ್ಕೂ ಕನಿಷ್ಠ ಸೊನ್ನೆ, ಗರಿಷ್ಠ 2.375. ನಾಲ್ಕನ್ನೂ ಕೂಡಿ, ಆರರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ರೇಟಿಂಗ್. ಹಾಗಾಗಿ ನೂರಕ್ಕೆ ನೂರು ಅನ್ನುವಂಥ ಆಟಕ್ಕೆ ಇಲ್ಲಿ ಸಿಗುವುದು 158.3. ಅಂಕಿಯೇ ವಿಚಿತ್ರ. ಇನ್ನೂ ವಿಚಿತ್ರ ಅಂದರೆ, ಎಸೆದ ಒಂದು ಪಾಸೂ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೂ 39.6 ಬರುತ್ತದೆ. ಇಂಟರ್‌ಸೆಪ್ಷನ್ ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ!

ಓಡಿ ಗಳಿಸಿದ ಗಜಗಳು ಇದರಲ್ಲಿ ಇಲ್ಲ. ಸ್ಯಾಕ್, ಅಂದರೆ ಚೆಂಡು ಕೈಯಲ್ಲಿರುವಾಗಲೇ ಎದುರಾಳಿ ಬಂದು ಕೆಡವುವುದು, ಅದೂ ಇಲ್ಲ. ಡೌನ್ ಯಾವುದು ಅನ್ನುವ ಲೆಕ್ಕವಂತೂ ಇಲ್ಲವೇ ಇಲ್ಲ. ಮೂರನೇ ಡೌನ್, ಇನ್ನೂ ಎಂಟು ಗಜ ಬೇಕು ಅಂದುಕೊಳ್ಳಿ. ಏಳು ಗಜದ ಪಾಸ್ ಎಸೆದು, ಅದು ಕೈಸೇರಿದರೂ ಸಾಮಾನ್ಯವಾಗಿ ತಂಡ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕಾಗುತ್ತದೆ. ರೇಟಿಂಗಿನಲ್ಲಿ ಮಾತ್ರ ಅದು ಒಳ್ಳೆಯ ಪಾಸ್. ಈ ಕೊರತೆ ತುಂಬುವುದು ಇಪಿಎ (ಎಕ್ಸ್‌ಪೆಕ್ಟೆಡ್ ಪಾಯಿಂಟ್ಸ್ ಆಡೆಡ್). ಈ ಡೌನಿನಲ್ಲಿ, ಮೈದಾನದ ಈ ಜಾಗದಲ್ಲಿ, ಒಂದು ತಂಡಕ್ಕೆ ಸರಾಸರಿ ಎಷ್ಟು ಅಂಕ ಸಿಗಬಹುದು, ಈ ಪ್ಲೇ ಆದ ಮೇಲೆ ಅದು ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವ ಲೆಕ್ಕ ಅದು. ಪಾಸರ್ ರೇಟಿಂಗಿಗಿಂತ ನಾನು ಇದನ್ನು ಎಷ್ಟೋ ಪಾಲು ಜಾಸ್ತಿ ನಂಬುತ್ತೇನೆ. ಆದರೆ ಇಪಿಎ ಕೂಡ ಹೇಳುವುದು ಆ ಪ್ಲೇಯಲ್ಲಿ ತಂಡಕ್ಕೆ ಏನಾಯಿತು ಅಂತ. ಅದನ್ನು ಮಾಡಿದವರು ಯಾರು ಅಂತ ಅದು ಹೇಳುವುದಿಲ್ಲ.

ಕಾಲ ಬೇರೆಯಾದರೆ ಅಂಕಿಯ ಅರ್ಥವೂ ಬೇರೆಯಾಗುತ್ತದೆ. ಹಳೆಯ ಕಾಲದ ಕ್ವಾರ್ಟರ್‌ಬ್ಯಾಕ್ ಜೋ ನೇಮತ್ ವೃತ್ತಿಜೀವನದಲ್ಲಿ ಎಸೆದದ್ದು 173 ಟಚ್‌ಡೌನ್, 220 ಇಂಟರ್‌ಸೆಪ್ಷನ್. ಇವತ್ತು ಯಾರಾದರೂ ಹೀಗೆ ಆಡಿದರೆ ಕೆಲಸ ಉಳಿಯುವುದಿಲ್ಲ. ಆದರೂ ಅವರು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, ಮತ್ತು ಇರಬೇಕಾದವರೇ. 1967ರಲ್ಲಿ 14 ಪಂದ್ಯಗಳ ಸೀಸನ್ನಿನಲ್ಲಿ 4,007 ಗಜ ಎಸೆದು, 4,000 ದಾಟಿದ ಮೊದಲಿಗರಾದರು. ಆಗ ರಿಸೀವರ್‌ಗಳನ್ನು ದಾರಿಯುದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. 1978ರಲ್ಲಿ ನಿಯಮ ಬದಲಾಗಿ, ಮೊದಲ ಐದು ಗಜ ದಾಟಿದ ಮೇಲೆ ರಿಸೀವರ್ ಮೈ ಮುಟ್ಟುವಂತಿಲ್ಲ ಅಂತಾಯಿತು. ಕ್ವಾರ್ಟರ್‌ಬ್ಯಾಕನ್ನು ಕಾಯುವವರಿಗೂ ಕೈ ಚಾಚಿ, ಅಂಗೈ ಬಿಚ್ಚಿ ತಡೆಯಲು ಅನುಮತಿ ಸಿಕ್ಕಿತು. ಅಲ್ಲಿಂದ ಪಾಸ್ ಎಸೆಯುವುದೇ ಬೇರೆ ಆಟವಾಯಿತು. ರೇಟಿಂಗ್ ಲೆಕ್ಕ ಕಟ್ಟಿದಾಗ ಸಾಧಾರಣ ಆಟಕ್ಕೆ 66.7 ಬರುವಂತೆ ಕಟ್ಟಿದ್ದರು. ಈಗ ಲೀಗಿನ ಸರಾಸರಿಯೇ 90ರ ಆಸುಪಾಸು.

ಇನ್ನು ಗೆಲುವುಗಳ ಲೆಕ್ಕ. "ಗೆದ್ದವನೇ ದೊಡ್ಡವನು" ಅನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಅವರಿಗೆ ನಾನು ಯಾವಾಗಲೂ ತೋರಿಸುವುದು 2025ರ ಜನವರಿಯ ಬಫಲೊ–ಬಾಲ್ಟಿಮೋರ್ ಪ್ಲೇಆಫ್ (ನಾಕೌಟ್) ಪಂದ್ಯ. ಕೊನೆಯ ಎರಡು ನಿಮಿಷದೊಳಗೆ ಬಾಲ್ಟಿಮೋರ್ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಟಚ್‌ಡೌನ್ ಎಸೆದರು. ಆಗಲೂ ತಂಡ ಎರಡು ಅಂಕ ಹಿಂದಿತ್ತು. ಸಮ ಮಾಡಲು ಟೂ-ಪಾಯಿಂಟ್ ಪ್ಲೇ, ಅಂದರೆ ಟಚ್‌ಡೌನ್ ಆದ ಮೇಲೆ ಇನ್ನೆರಡು ಅಂಕಕ್ಕೆ ಸಿಗುವ ಒಂದು ಅವಕಾಶ. ಜಾಕ್ಸನ್ ಎಸೆದ ಚೆಂಡು ಮಾರ್ಕ್ ಆಂಡ್ರೂಸ್ ಕೈಗೇ ಹೋಯಿತು, ಜಾರಿ ಬಿತ್ತು. ಬಫಲೊ 27–25ರಿಂದ ಗೆದ್ದಿತು. ದಾಖಲೆಯಲ್ಲಿ ಬಫಲೊ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್‌ಗೆ ಒಂದು ಪ್ಲೇಆಫ್ ಗೆಲುವು, ಜಾಕ್ಸನ್‌ಗೆ ಒಂದು ಸೋಲು. ನಮ್ಮ ಕ್ರಿಕೆಟಿನಲ್ಲಿ ಸ್ಲಿಪ್‌ನವನು ಕ್ಯಾಚ್ ಬಿಟ್ಟರೆ ಬೌಲರ್ ಖಾತೆಗೆ ವಿಕೆಟ್ ಬರುವುದಿಲ್ಲ ನಿಜ, ಆದರೆ ಆ ಬಾಲ್ ಚೆನ್ನಾಗಿತ್ತು ಅಂತ ನೋಡಿದವರೆಲ್ಲ ಒಪ್ಪುತ್ತಾರೆ. ಇಲ್ಲೂ ಅಷ್ಟೇ. ಚಾರ್ಟಿಂಗಿನಲ್ಲಿ ನಾವು ಆ ಪಾಸನ್ನು ಒಳ್ಳೆಯ ಎಸೆತ, ಹಿಡಿಯುವವರ ತಪ್ಪು ಅಂತ ಬರೆಯುತ್ತೇವೆ. ಗೆಲುವಿನ ಅಂಕಣದಲ್ಲಿ ಅದಕ್ಕೆ ಜಾಗ ಇಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಸ್ಟಾಫರ್ಡ್ ಮತ್ತು ಗಾಫ್. ಮ್ಯಾಥ್ಯೂ ಸ್ಟಾಫರ್ಡ್ 12 ಸೀಸನ್ ಡೆಟ್ರಾಯಿಟ್‌ನಲ್ಲಿ ಆಡಿದರು. ಒಂದೇ ಒಂದು ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. 2021ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್‌ಗೆ ಹೋದರು, ಮೊದಲ ವರ್ಷವೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಒಂದು ಬೇಸಿಗೆಯಲ್ಲಿ ಆ ಮನುಷ್ಯನ ತೋಳು ಬದಲಾಯಿತೇ? ಇಲ್ಲ. ಅವರಿಗೆ ಬದಲಾಗಿ ಡೆಟ್ರಾಯಿಟ್‌ಗೆ ಬಂದ ಜ್ಯಾರೆಡ್ ಗಾಫ್ ಕಥೆಯೂ ಹಾಗೆಯೇ. 2016ರಲ್ಲಿ ರ‍್ಯಾಮ್ಸ್ ಪರ ಆರಂಭಿಸಿದ ಏಳೂ ಪಂದ್ಯ ಸೋತರು. ಮರುವರ್ಷ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು, ಗಾಫ್ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದರು. 2018ರ ಸೀಸನ್ನಿನಲ್ಲಿ ಸೂಪರ್ ಬೌಲ್ ತಲುಪಿದರು. ಆಮೇಲೆ ರ‍್ಯಾಮ್ಸ್‌ಗೆ ಬೇಡವಾದರು. ಕೊನೆಗೆ ಡೆಟ್ರಾಯಿಟನ್ನೇ 2023ರ ಸೀಸನ್ನಿನಲ್ಲಿ ಲೀಗಿನ ಅರ್ಧ ಭಾಗವಾದ ಎನ್‌ಎಫ್‌ಸಿಯ ಫೈನಲ್ಲಿಗೆ ಕರೆದೊಯ್ದರು. ಗಾಫ್‌ಗೆ ಯಾವ ವರ್ಷದ ಪಟ್ಟಿ ನ್ಯಾಯ ಮಾಡಿದೆ ಹೇಳಿ?

ಹಾಗಂತ ಎಲ್ಲವನ್ನೂ ತಂಡದ ತಲೆಗೆ ಕಟ್ಟುವುದೂ ತಪ್ಪು. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಸ್ಯಾಕ್. ಸ್ಯಾಕ್ ಜಾಸ್ತಿ ಅಂದರೆ ಕಾಯುವವರು ಕೆಟ್ಟವರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪ್ಲೇ ಮೇಲೆ ಪ್ಲೇ ನೋಡುತ್ತಾ ಹೋದರೆ ಬೇರೆಯೇ ಕಾಣುತ್ತದೆ. ಸ್ಯಾಕ್ ಬಹುಮಟ್ಟಿಗೆ ಕ್ವಾರ್ಟರ್‌ಬ್ಯಾಕಿನ ಅಭ್ಯಾಸ. ಊರು ಬದಲಿಸಿದರೂ ಅದು ಜೊತೆಗೇ ಹೋಗುತ್ತದೆ. ರಸೆಲ್ ವಿಲ್ಸನ್ ಸಿಯಾಟಲ್‌ನಲ್ಲಿದ್ದಷ್ಟು ಕಾಲವೂ ಅಲ್ಲಿನ ಲೈನ್ ಸರಿಯಿಲ್ಲ ಅನ್ನುವ ದೂರಿತ್ತು. 2022ರಲ್ಲಿ ಡೆನ್ವರ್‌ಗೆ ಹೋದರು. ಆ ವರ್ಷ 55 ಸಲ ಸ್ಯಾಕ್ ಆದರು. ಅದೇ ಡೆನ್ವರ್‌ನಲ್ಲಿ 2013ರಲ್ಲಿ ಪೇಟನ್ ಮ್ಯಾನಿಂಗ್ ಸ್ಯಾಕ್ ಆದದ್ದು 18 ಸಲ. ಅವರು ಇಂಡಿಯಾನಾಪೊಲಿಸ್‌ನಲ್ಲಿದ್ದಾಗಲೂ ಹಾಗೆಯೇ, ಸ್ಯಾಕ್ ಬಹಳ ಕಡಿಮೆ. ಮ್ಯಾನಿಂಗ್ ಚೆಂಡು ಕೈಗೆ ಬರುವ ಮೊದಲೇ ಎದುರಾಳಿಗಳ ನಿಲುವು ಓದಿ, ಎಲ್ಲಿ ಎಸೆಯಬೇಕು ಅಂತ ತಿಳಿದಿರುತ್ತಿದ್ದರು. ವಿಲ್ಸನ್ ಕೊನೆಯ ಕ್ಷಣದವರೆಗೂ ಚೆಂಡು ಹಿಡಿದು ಕಾಯುತ್ತಿದ್ದರು. ಅವರ ಅತ್ಯಂತ ಸುಂದರವಾದ ಉದ್ದನೆಯ ಪಾಸ್‌ಗಳು ಹುಟ್ಟಿದ್ದೂ ಹಾಗೆ ಕಾಯುವುದರಿಂದಲೇ. ಪಾಸ್ ಅವರದು, ಸ್ಯಾಕ್ ಲೈನಿನದು ಅಂತ ಹಂಚಿದರೆ ಅನ್ಯಾಯ. ಎರಡೂ ಅವರವೇ.

ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ಪ್ಲೇಯನ್ನೂ ಇಬ್ಬರು ಬೇರೆ ಬೇರೆ ಕೂತು ಚಾರ್ಟ್ ಮಾಡುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊಂದದಿದ್ದರೆ ಮೂರನೆಯವರು ಆಲ್-22 ವಿಡಿಯೊ ಹಾಕಿ ನೋಡುತ್ತಾರೆ. ಅದು ಮೈದಾನದ 22 ಆಟಗಾರರೂ ಒಟ್ಟಿಗೆ ಕಾಣುವ, ಎತ್ತರದಿಂದ ತೆಗೆದ ದೃಶ್ಯ. ಟಿವಿಯಲ್ಲಿ ಚೆಂಡಿನ ಹಿಂದೆ ಓಡುವ ಕ್ಯಾಮೆರಾ ತಪ್ಪಿಸುವುದೆಲ್ಲ ಅಲ್ಲಿ ಸಿಗುತ್ತದೆ. ರಿಸೀವರ್ ತಪ್ಪು ದಾರಿ ಓಡಿದ್ದು, ಆ ಕಡೆ ಒಬ್ಬ ಖಾಲಿ ನಿಂತಿದ್ದರೂ ಕ್ವಾರ್ಟರ್‌ಬ್ಯಾಕ್ ತಿರುಗಿ ನೋಡದೇ ಇದ್ದದ್ದು. ಈ ಮೂರನೆಯವರ ಕೆಲಸ ನಿಧಾನದ್ದು, ಬೇಸರದ್ದು. ಆದರೆ ಯಾವ ಸೂತ್ರಕ್ಕಿಂತಲೂ ಇದರ ಮೇಲೆ ನನಗೆ ಭರವಸೆ ಜಾಸ್ತಿ.

ಇಷ್ಟೆಲ್ಲ ಮಾಡಿದ ಮೇಲೂ ಕೊನೆಗೆ ಉಳಿಯುವ ಪ್ರಶ್ನೆ: ಪಟ್ಟಿ ಯಾವುದಕ್ಕೆ? 2024ರ ಸೀಸನ್ ನೋಡಿ. ಜಾಕ್ಸನ್ 41 ಟಚ್‌ಡೌನ್ ಎಸೆದರು, ಇಂಟರ್‌ಸೆಪ್ಷನ್ ಬರೀ ನಾಲ್ಕು. ಓಡಿಯೇ 915 ಗಜ ಗಳಿಸಿದರು. ಆಲನ್ 28 ಎಸೆದರು, ಓಡಿ 12 ಟಚ್‌ಡೌನ್ ಗಳಿಸಿದರು. ಅಸೋಸಿಯೇಟೆಡ್ ಪ್ರೆಸ್ಸಿನ 50 ಮತದಾರರಲ್ಲಿ 27 ಜನ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಪ್ರಶಸ್ತಿಗೆ ಆಲನ್ ಅಂದರು, 23 ಜನ ಜಾಕ್ಸನ್ ಅಂದರು. ಅದೇ 50 ಜನ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ತಂಡಕ್ಕೆ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಜಾಕ್ಸನ್ ಅವರನ್ನು ಆರಿಸಿದರು. ತುಂಬಾ ಜನ ಇದನ್ನು ಗೊಂದಲ ಅಂದರು. ನನಗೆ ಹಾಗೆ ಕಾಣುವುದಿಲ್ಲ. ಆಲನ್ ಅವರ ದೊಡ್ಡ ರಿಸೀವರ್ ಸ್ಟೆಫಾನ್ ಡಿಗ್ಸ್ ಆ ವರ್ಷ ತಂಡ ಬಿಟ್ಟಿದ್ದರು. ಜಾಕ್ಸನ್ ಪಕ್ಕದಲ್ಲಿ 1,921 ಗಜ ಓಡಿದ ಡೆರಿಕ್ ಹೆನ್ರಿ ಇದ್ದರು. ತಂಡವನ್ನು ಹೆಚ್ಚು ಹೊತ್ತವರು ಯಾರು ಅನ್ನುವುದು ಒಂದು ಪ್ರಶ್ನೆ, ಹೆಚ್ಚು ಚೆನ್ನಾಗಿ ಆಡಿದವರು ಯಾರು ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಬರಲೇಬೇಕು ಅಂತ ಏನಿದೆ?

ಹಾಗಾಗಿ ಗ್ರಾಹಕರು ಪಟ್ಟಿ ಕೇಳಿದಾಗ ನಾನು ಮೊದಲು ಮರುಪ್ರಶ್ನೆ ಕೇಳುತ್ತೇನೆ. ಮುಂದಿನ ವಾರ ಯಾರು ಚೆನ್ನಾಗಿ ಆಡಬಹುದು ಅನ್ನುವುದಕ್ಕಾ? ಈ ವರ್ಷ ಆದದ್ದಕ್ಕೆ ಬಹುಮಾನ ಕೊಡುವುದಕ್ಕಾ? ಐದು ವರ್ಷದ ಒಪ್ಪಂದ ಕೊಡಬಹುದಾ ಅಂತ ನೋಡುವುದಕ್ಕಾ? ಒಂದೊಂದಕ್ಕೂ ಪಟ್ಟಿ ಬೇರೆ. ಆಮೇಲೆ ಕೊಡುವುದು ಶ್ರೇಣಿಗಳನ್ನು. ಮೊದಲ ಗುಂಪು, ಎರಡನೇ ಗುಂಪು, ಹೀಗೆ. ಆರನೆಯವರಿಗೂ ಒಂಬತ್ತನೆಯವರಿಗೂ ಇರುವ ವ್ಯತ್ಯಾಸ ಎಷ್ಟೋ ಸಲ ಎರಡು ಕೈಜಾರಿದ ಪಾಸ್‌ಗಳಷ್ಟೇ. "ಇದೇನ್ರೀ, ನಾಲ್ಕು ಜನರನ್ನು ಒಂದೇ ಕಡೆ ಕೂರಿಸಿದ್ದೀರಿ, ನಂಬರ್ ಕೊಡಿ" ಅಂತ ನಮ್ಮ ಮ್ಯಾನೇಜರ್ ಪ್ರತಿ ಸೀಸನ್ನೂ ಒತ್ತಾಯ ಮಾಡುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಂಬರ್ ಇದ್ದರೆ ಓದುವವರು ಜಾಸ್ತಿ. ಆದರೂ ಗೊತ್ತಿಲ್ಲದ ವ್ಯತ್ಯಾಸವನ್ನು ಗೊತ್ತಿರುವಂತೆ ಬರೆಯಲು ನಾನು ಒಪ್ಪಿಲ್ಲ.

ಎಲ್ಲ ಕಾಲಕ್ಕೂ ಶ್ರೇಷ್ಠ ಯಾರು ಅಂತಲೂ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ನನಗಿಷ್ಟವಿಲ್ಲ. ನಾನು ಟಾಮ್ ಬ್ರೇಡಿ ಅನ್ನುತ್ತೇನೆ. ಕಾರಣ ಏಳು ಸೂಪರ್ ಬೌಲ್ ಅಲ್ಲ, ಟ್ಯಾಂಪಾ ಬೇ. 2019ರಲ್ಲಿ ಆ ತಂಡದ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್ಸ್‌ಟನ್ 30 ಇಂಟರ್‌ಸೆಪ್ಷನ್ ಎಸೆದರು. ತಂಡ ಏಳು ಗೆದ್ದು ಒಂಬತ್ತು ಸೋತಿತು. ಮರುವರ್ಷ ಬ್ರೇಡಿ ಅಲ್ಲಿಗೆ ಬಂದರು. ಅದೇ ಕೋಚ್ ಬ್ರೂಸ್ ಏರಿಯನ್ಸ್, ಅದೇ ರಿಸೀವರ್‌ಗಳಾದ ಮೈಕ್ ಎವನ್ಸ್ ಮತ್ತು ಕ್ರಿಸ್ ಗಾಡ್ವಿನ್. ಬ್ರೇಡಿ 40 ಟಚ್‌ಡೌನ್ ಎಸೆದರು, ಇಂಟರ್‌ಸೆಪ್ಷನ್ 12. ತಂಡ ಸೂಪರ್ ಬೌಲ್ ಗೆದ್ದಿತು, ಆಗ ಅವರಿಗೆ 43 ವರ್ಷ. ತಂಡದ ರಕ್ಷಣೆಯೂ ಆ ವರ್ಷ ಸುಧಾರಿಸಿತ್ತು, ರಾಬ್ ಗ್ರಾಂಕೌಸ್ಕಿಯಂಥ ಹೊಸಬರೂ ಬಂದಿದ್ದರು. ಅದನ್ನೆಲ್ಲ ಕಳೆದರೂ ಉಳಿಯುವುದು ದೊಡ್ಡದು. ಜೋ ಮಾಂಟಾನಾ ಕೂಡ ಕೊನೆಗಾಲದಲ್ಲಿ ಕ್ಯಾನ್ಸಸ್ ಸಿಟಿಗೆ ಹೋಗಿ, 1993ರ ಸೀಸನ್ನಿನಲ್ಲಿ ಆ ತಂಡವನ್ನು ಲೀಗಿನ ಇನ್ನೊಂದು ಅರ್ಧವಾದ ಎಎಫ್‌ಸಿಯ ಫೈನಲ್ಲಿಗೆ ತಲುಪಿಸಿದರು. ಅದಕ್ಕೇ ಅವರು ನನ್ನ ಎರಡನೆಯವರು.

ಪ್ಯಾಟ್ರಿಕ್ ಮಹೋಮ್ಸ್? ಬ್ರೇಡಿ ಟ್ಯಾಂಪಾದಲ್ಲಿ ಗೆದ್ದ ಆ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದವರು ಅವರೇ. ಸೋಲು 31–9, ರೇಟಿಂಗ್ 52.3. ಅವರ ಲೈನಿನ ಎರಡೂ ಬದಿಯ ಟ್ಯಾಕಲ್‌ಗಳು ಗಾಯವಾಗಿ ಹೊರಗಿದ್ದರು. ಮಹೋಮ್ಸ್ ಇಡೀ ರಾತ್ರಿ ಓಡುತ್ತಲೇ ಇದ್ದರು. ನೆಲಕ್ಕೆ ಬೀಳುತ್ತಾ, ಮೈ ಅಡ್ಡಲಾಗಿರುವಾಗ ಎಸೆದ ಒಂದು ಪಾಸ್ ಎಂಡ್ ಝೋನ್‌ನಲ್ಲಿ (ಟಚ್‌ಡೌನ್ ಆಗುವ ಜಾಗ) ಸಹ ಆಟಗಾರನ ಮುಖಕ್ಕೇ ಹೋಗಿ ತಗುಲಿತು. ಹಿಡಿಯಲಾಗಲಿಲ್ಲ. ದಾಖಲೆಯಲ್ಲಿ ಅದು ವ್ಯರ್ಥವಾದ ಒಂದು ಎಸೆತ. ನಾನು ನೋಡಿದ ಅತ್ಯುತ್ತಮ ಪಾಸ್‌ಗಳಲ್ಲಿ ಅದೂ ಒಂದು. ಅವರು ಗೆದ್ದ ಮೂರು ಸೂಪರ್ ಬೌಲ್‌ಗಳೂ ಆಂಡಿ ರೀಡ್ ಎಂಬ ಒಬ್ಬರೇ ಕೋಚ್ ಕೆಳಗೆ ಬಂದವು. ಬೇರೆ ಕೋಚ್, ಬೇರೆ ತಂಡದ ಜೊತೆ ಹೋಲಿಸಲು ನನ್ನ ಬಳಿ ಏನೂ ಇಲ್ಲ. ಆದ್ದರಿಂದ ಅವರನ್ನು ಬ್ರೇಡಿ, ಮಾಂಟಾನಾ ಇರುವ ಗುಂಪಿನಲ್ಲೇ ಇಟ್ಟಿದ್ದೇನೆ, ಹೆಸರಿನ ಮುಂದೆ ನಂಬರ್ ಹಾಕಿಲ್ಲ.