ಅಷ್ಟು ದೂರ ಹೋಗಿ ಬೀದಿ ಬರೀತೀರಲ್ಲ, ಯಾಕೆ?

ಜನವರಿಯ ಚಿತ್ರಸಂತೆಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಅಂಚಿಗೆ ಚಿತ್ರಗಳನ್ನು ಒರಗಿಸಿಕೊಂಡು ಕೂತರೆ ಸಾಕು, ಊಟದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೋಲ್ಕತ್ತದ ಟ್ರಾಂ, ಕಾಶಿಯ ಘಾಟು ಎಲ್ಲ ಒಮ್ಮೆ ನೋಡಿ, "ಊರೂರು ಅಲೆದು ಬರೀ ಪೇಟೆ ಬೀದಿಗಳನ್ನೇ ಬರೀತೀರಲ್ಲ ಸಾರ್, ಸ್ಫೂರ್ತಿ ಎಲ್ಲಿಂದ ಬರುತ್ತೆ?" ಎನ್ನುತ್ತಾರೆ. ಕೊಂಚ ತಿಳಿದವರಾದರೆ ಒಂದು ಚುಚ್ಚುಮಾತೂ ಇರುತ್ತದೆ: "ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನೇ ಬರೆದು ದೊಡ್ಡವರಾಗಲಿಲ್ವಾ?"

ಆದರು. ಅವರ ಕಣ್ಣು ನನಗಿಲ್ಲ, ಅದಕ್ಕೇ ರೈಲು ಹತ್ತುತ್ತೇನೆ.

ನಾನು ಹೋಗುವುದು ನೆರಳು ನೋಡಲು. ಜಲವರ್ಣದಲ್ಲಿ ಬಿಸಿಲನ್ನು ಬಳಿಯಲು ಬರುವುದಿಲ್ಲ. ಕಾಗದದ ಬಿಳುಪನ್ನು ಮುಟ್ಟದೆ ಬಿಟ್ಟರೆ ಅದೇ ಬಿಸಿಲು. ಕುಂಚಕ್ಕೆ ಕೆಲಸವಿರುವುದೆಲ್ಲ ನೆರಳಿನಲ್ಲಿ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕಂದು ಸೇರಿಸಿದರೆ ಬೂದು ಬರುತ್ತದೆ. ನೀಲಿ ಒಂದು ಗುಟುಕು ಹೆಚ್ಚಾದರೆ ತಣ್ಣಗಿನ ಗೋಡೆ, ಕಂದು ಹೆಚ್ಚಾದರೆ ಕಾದ ನೆಲ. ಇಳಿಹೊತ್ತಿನಲ್ಲಿ ಕಟ್ಟಡದ ನೆರಳು ಬೀದಿಗೆ ಅಡ್ಡ ಬಿದ್ದಾಗ ತಳ್ಳುಗಾಡಿ, ಸೈಕಲ್ಲು, ಕೂತ ಮುದುಕ ಎಲ್ಲವೂ ಒಂದೇ ಆಕಾರದೊಳಗೆ ಸೇರಿಹೋಗುತ್ತವೆ. ಆ ಇಡೀ ಆಕಾರವನ್ನು ಕುಂಚ ಎತ್ತದೆ ಒಂದೇ ಸಲಕ್ಕೆ ಎಳೆದುಕೊಂಡು ಹೋಗಬೇಕು. ಮಧ್ಯೆ ನಿಲ್ಲಿಸಿ ಯೋಚಿಸಿದಿರೋ, ಬಣ್ಣ ಒಣಗಿ ಕಲೆ ಕೂತಿತು.

ಈ ನೆರಳು ಊರಿಂದೂರಿಗೆ ಎಷ್ಟು ಬೇರೆ ಅಂತ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಮೊದಲ ಸಲ ಕೋಲ್ಕತ್ತಕ್ಕೆ ಹೋಗಿದ್ದು ಡಿಸೆಂಬರಿನಲ್ಲಿ. ನಮ್ಮ ಮೈಸೂರಿನ ಲೆಕ್ಕದಲ್ಲಿ ನಾಲ್ಕೂವರೆಗೆ ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳ ಎದುರು ಕೂತು, ನಿಧಾನಕ್ಕೆ ಪೆನ್ಸಿಲ್ ಗೆರೆ ಹಾಕಿ, ಟ್ರಾಂ ತಂತಿಗಳನ್ನೆಲ್ಲ ಎಣಿಸಿ, ಬಣ್ಣ ಕಲಸುವಷ್ಟರಲ್ಲಿ ಐದು ಗಂಟೆ, ಕತ್ತಲು! ಗಡಿಯಾರ ದೇಶಕ್ಕೆಲ್ಲ ಒಂದೇ, ಸೂರ್ಯನಿಗೆ ಅದು ಗೊತ್ತಿಲ್ಲ. ಮೈಸೂರು ಸುಮಾರು 76.6 ಡಿಗ್ರಿ ರೇಖಾಂಶದಲ್ಲಿದೆ, ಕೋಲ್ಕತ್ತ 88.4ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಮುಕ್ಕಾಲು ಗಂಟೆಗೂ ಕೊಂಚ ಹೆಚ್ಚೇ ಅಂತರ. ಉತ್ತರಕ್ಕಿರುವುದರಿಂದ ಚಳಿಗಾಲದ ಹಗಲೂ ಅಲ್ಲಿ ನಮಗಿಂತ ಗಿಡ್ಡ. ಪಕ್ಕದಲ್ಲಿ ಚಹಾ ಮಾರುವವ ನನ್ನ ಬಿಳಿ ಹಾಳೆ ನೋಡಿ, ಪಾಪ ಅನಿಸಿತೋ ಏನೋ, ಇನ್ನೊಂದು ಭಾಂಡ್ ಚಹಾ ಕೈಗಿಟ್ಟ. ಭಾಂಡ್ ಅಂದರೆ ಆ ಪುಟ್ಟ ಮಣ್ಣಿನ ಲೋಟ. ಅದು ಇವತ್ತಿಗೂ ನನ್ನ ಮೇಜಿನ ಮೇಲೆ ಕುಂಚ ತೊಳೆಯುವ ನೀರಿಗಿದೆ.

ಮರುದಿನ ಬುದ್ಧಿ ಬಂದು ಬೆಳಗ್ಗೆಯೇ ಹೌರಾ ಸೇತುವೆಯ ಬುಡದ ಮಲ್ಲಿಕ್ ಘಾಟ್ ಹೂಮಾರುಕಟ್ಟೆಗೆ ಹೋದೆ. 1943ರಲ್ಲಿ ತೆರೆದ ಆ ಸೇತುವೆಗೆ ನಟ್ಟು ಬೋಲ್ಟಿಲ್ಲ, ಉಕ್ಕಿಗೆಲ್ಲ ರಿವೆಟ್ ಹೊಡೆದು ಕೂಡಿಸಿದ್ದಾರೆ. ಒಂದೊಂದು ಪಟ್ಟಿಯನ್ನೂ ಬರೆಯುತ್ತೇನೆಂದು ಹೊರಟರೆ ಆಯಸ್ಸು ಸಾಲದು. ಹೂಗ್ಲಿ ನದಿಯ ಮಂಜು ಆ ಕಷ್ಟ ತಪ್ಪಿಸಿತು: ನೆನೆದ ಕಾಗದದ ಮೇಲೆ ತೆಳು ಬೂದು ಬಣ್ಣದ ಎರಡು ಎಳೆತ, ಸೇತುವೆ ನಿಂತಿತು. ಅದರ ಕೆಳಗೆ ಒಂದೇ ಒಂದು ಕಡೆ ಹಳದಿ. ಚೆಂಡುಹೂವಿನ ಮಾಲೆಗಳ ಹೊರೆ ಹೊತ್ತಿದ್ದವನೊಬ್ಬ ಬಗ್ಗಿ ನೋಡಿ, ಇಷ್ಟು ಹೂವಿನಲ್ಲಿ ನೀನು ಬರೆದದ್ದು ಇಷ್ಟೇನಾ ಅಂತ ಹಿಂದಿಯಲ್ಲಿ ಕೇಳಿದ. ನ್ಯಾಯವಾದ ಪ್ರಶ್ನೆ.

ಕಾಶಿಯದು ಇನ್ನೊಂದು ಬಗೆ. ಘಾಟುಗಳೆಲ್ಲ ಗಂಗೆಯ ಪಶ್ಚಿಮ ದಡದಲ್ಲಿ ಪೂರ್ವಕ್ಕೆ ಮುಖ ಮಾಡಿವೆ. ಬೆಳಗಿನ ಬಿಸಿಲು ನೇರ ಮುಖಕ್ಕೆ ರಾಚುತ್ತದೆ, ಎಲ್ಲವೂ ಚಪ್ಪಟೆ. ದೋಣಿಯಿಂದ ತೆಗೆದ ಫೋಟೋಗಳಿಗೆ ಅದು ಚೆನ್ನ, ನನಗಲ್ಲ. ಮಧ್ಯಾಹ್ನ ಹೊರಳಿದ ಮೇಲೆ ಸೂರ್ಯ ಕಟ್ಟಡಗಳ ಬೆನ್ನಿಗೆ ಹೋಗುತ್ತಾನೆ. ಆಗ ನೆರಳು ಸ್ನಾನಕ್ಕೆ ಹೊರಟ ಅಜ್ಜಿಯ ಹಾಗೆ ಒಂದೊಂದೇ ಮೆಟ್ಟಿಲಿಳಿದು ನೀರಿಗೆ ಹೋಗುತ್ತದೆ. ಅದನ್ನು ನೋಡುತ್ತಾ ಒಂದು ಮಧ್ಯಾಹ್ನ ಕುಂಚ ಮುಟ್ಟದೆ ಕೂತಿದ್ದೆ. ರೈಲು ಟಿಕೆಟಿನ ದುಡ್ಡು ಅಲ್ಲಿಗೆ ವಸೂಲಾಯಿತು.

ಹಾಗಾದರೆ ಮೈಸೂರಿನಲ್ಲಿ ನೆರಳಿಲ್ಲವೇ? ದೇವರಾಜ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಆದರೆ ಅಲ್ಲಿಗೆ ನಾನು ಹೋಗುವುದು ಕೈಚೀಲ ಹಿಡಿದು. ಕಣ್ಣೆಲ್ಲ ಬಾಳೆಹಣ್ಣಿನ ರೇಟಿನ ಮೇಲೆ, ಸೊಪ್ಪು ಬಾಡಿದೆಯೋ ಇಲ್ಲವೋ ಅನ್ನುವುದರ ಮೇಲೆ. ಮೂರು ಸಲ ಬರೆದಿದ್ದೇನೆ, ಮೂರೂ ಕ್ಯಾಲೆಂಡರಿನ ಚಿತ್ರದ ಹಾಗೆ ಬಂದಿವೆ.

ಕೋಲ್ಕತ್ತದಿಂದ ವಾಪಸು ಬಂದ ಬೆಳಗ್ಗೆ ಮಾತ್ರ, ಸ್ಟೇಷನ್ನಿನಿಂದ ಹೆಗಲಿಗೆ ಬ್ಯಾಗು ಹಾಕಿಕೊಂಡೇ ಮಾರುಕಟ್ಟೆಯೊಳಗೆ ಹೊಕ್ಕೆ. ತಗಡಿನ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟಿ ಕುಂಕುಮದ ಗುಡ್ಡೆಗಳನ್ನು ಸೀಳಿಕೊಂಡು ಹೋಗಿತ್ತು, ಉಳಿದದ್ದೆಲ್ಲ ನೀಲಿ ಬೂದು. ನಿಂತಲ್ಲೇ ಪುಸ್ತಕ ತೆಗೆದು ಅರ್ಧ ಗೆರೆ ಹಾಕಿದ್ದೆನಷ್ಟೇ, ಹಿಂದಿನಿಂದ ಹೂವಿನವರ ದನಿ: "ಏನ್ ಸಾರ್, ಕಾಣ್ಲೇ ಇಲ್ಲ ಇಷ್ಟು ದಿನ? ಎರಡು ಮೊಳ ಮಲ್ಲಿಗೆ ಹಾಕ್ಲಾ?"